ಟ್ರೆಂಚ್ ಅಂದ್ರೆ ಯಾವುದು? ಒಂದೇ ಗುಂಡಿ, ಮೂರು ಲೆಕ್ಕ

ಇದು ಈ ವಾರದ ಮಾತಿನ ಬರಹ ರೂಪ. ವಿಡಿಯೊದಲ್ಲಿ ಬೋರ್ಡ್ ಮೇಲೆ ಗೀಚಿ ತೋರಿಸಿದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಬರೆದಿದ್ದೀನಿ. ನಿಧಾನವಾಗಿ ಓದಿಕೊಳ್ಳಿ.

ಚೆನ್ನೈನಲ್ಲಿರೋ ನಮಗೆ ರಸ್ತೆ ಅಗೆಯೋದು ಹೊಸ ಸುದ್ದಿ ಅಲ್ಲ. ಓಎಂಆರ್ ಉದ್ದಕ್ಕೂ ಮೆಟ್ರೊ ರೈಲಿನ ಎರಡನೇ ಹಂತದ ಕೆಲಸ. ಒಳರಸ್ತೆಗೆ ಬಂದ್ರೆ ಮೆಟ್ರೊವಾಟರ್‌ನವರ ಒಳಚರಂಡಿ ಪೈಪು, ಪಾಲಿಕೆಯವರ ಮಳೆನೀರು ಚರಂಡಿ, ಅದು ಮುಚ್ಚಿದ ಮಾರನೇ ವಾರ ಇಂಟರ್‌ನೆಟ್ ಕೇಬಲ್‌ನವರು. ನಾವು ಬೈಕಿನ ಕನ್ನಡಿ ಮಡಚಿಕೊಂಡು ಪಕ್ಕದಲ್ಲೇ ನುಸುಳಿ ಆಫೀಸಿಗೆ ಹೋಗ್ತೀವಿ.

ಇವತ್ತಿನ ಪ್ರಶ್ನೆ ತುಂಬ ಚಿಕ್ಕದು. ಇಷ್ಟು ಗುಂಡಿಗಳಲ್ಲಿ ‘ಟ್ರೆಂಚ್’ ಅಂತ ಕರೆಸಿಕೊಳ್ಳೋದು ಯಾವುದು? ಕರೆಸಿಕೊಂಡ್ರೆ ಏನು ಬದಲಾಗುತ್ತೆ?

ಕೋಡ್ ಬರೆಯೋರಿಗೆ ಇದೆಲ್ಲ ಯಾಕೆ ಅಂತ ಕೇಳಬಹುದು. ಕಾರಣ ಇದೆ. ನಮ್ಮಲ್ಲಿ ಎಷ್ಟೋ ಜನ ಶೋಳಿಂಗನಲ್ಲೂರು, ಪೆರುಂಬಾಕ್ಕಂ, ನಾವಲೂರು ಕಡೆ ಫ್ಲ್ಯಾಟ್ ತಗೊಂಡಿದ್ದೀವಿ. ಲೆಕ್ಕ ಚೆನ್ನಾಗಿ ಬರುತ್ತೆ ಅಂತ ಹೇಳಿ ಅಸೋಸಿಯೇಶನ್ನಿನ ಖಜಾಂಚಿ ಕೆಲಸ, ಕಾರ್ಯದರ್ಶಿ ಕೆಲಸ ನಮ್ಮ ತಲೆಗೇ ಕಟ್ಟಿರ್ತಾರೆ. ಬೀದಿಗೆ ಒಳಚರಂಡಿ ಲೈನ್ ಬಂದ ಮೇಲೆ ಕಟ್ಟಡದಿಂದ ಅಲ್ಲಿಗೆ ಪೈಪ್ ಎಳೀಬೇಕು. ಹೊಸ ಸಂಪ್ ತೋಡಿಸಬೇಕು. ಮಳೆನೀರು ಇಂಗಿಸೋ ವ್ಯವಸ್ಥೆ ಸರಿಮಾಡಿಸಬೇಕು. ಆಗ ಕಂಟ್ರಾಕ್ಟರ್ ತರೋ ಕೊಟೇಶನ್ ಮೇಲೆ ಸಹಿ ಹಾಕೋರು ನೀವೇ. ಆ ಹಾಳೆಯಲ್ಲಿ ‘ಟ್ರೆಂಚ್’ ಅನ್ನೋ ಪದ ಯಾವ ಅರ್ಥದಲ್ಲಿ ಕೂತಿದೆ ಅನ್ನೋದರ ಮೇಲೆ, ಗುಂಡಿಗೆ ಇಳಿಯೋ ಮನುಷ್ಯ ಮೇಲೆ ಬರ್ತಾನೋ ಇಲ್ವೋ ಅನ್ನೋದು ಒಂದಷ್ಟು ನಿಂತಿದೆ.

ನಮ್ಮ ಮಾತಿನಲ್ಲಿ ಗುಂಡಿಗಳು

ಕನ್ನಡದಲ್ಲಿ ನೆಲ ಅಗೆದದ್ದಕ್ಕೆ ಎಷ್ಟು ಹೆಸರು ನೋಡಿ. ಮನೆ ಕಟ್ಟೋಕೆ ಅಗೆದ್ರೆ ಪಾಯ. ಕೋಟೆ ಸುತ್ತ ಇದ್ರೆ ಕಂದಕ. ಮಲೆನಾಡಿನ ತೋಟದ ಬೇಲಿಯಂಚಿನಲ್ಲಿ ಅಗಳು. ಬಂಡೀಪುರ, ನಾಗರಹೊಳೆ ಕಾಡಂಚಿನ ಊರುಗಳಲ್ಲಿ ಆನೆ ಕಂದಕ. ಮಳೆನೀರು ಇಳಿಸೋದು ಇಂಗುಗುಂಡಿ. ಕೊಳೆನೀರು ಹರಿಯೋದು ಚರಂಡಿ. ಇಲ್ಲಿ ಚೆನ್ನೈನಲ್ಲಿ ಎಲ್ಲರ ಬಾಯಲ್ಲೂ ‘ಪಳ್ಳಂ’. ಅದು ನಮ್ಮ ‘ಹಳ್ಳ’ದ ಅಣ್ಣ. ಹಳೆಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರ ಆಯ್ತು, ತಮಿಳಿನಲ್ಲಿ ಹಾಗೇ ಉಳೀತು.

ಈ ಹೆಸರುಗಳಲ್ಲಿ ಹೆಚ್ಚಿನವು ಗುಂಡಿ ಯಾತಕ್ಕೆ ಅಂತ ಹೇಳುತ್ತವೆ. ಎಷ್ಟು ಆಳ, ಎಷ್ಟು ಅಗಲ ಅಂತ ಹೇಳೋದಿಲ್ಲ. ನಿಯಮಗಳು ಮಾತ್ರ ಹಾಗಲ್ಲ. ಒಂದು ನಿಯಮ ಆಕಾರ ನೋಡುತ್ತೆ, ಇನ್ನೊಂದು ಬಿಲ್ ನೋಡುತ್ತೆ, ಮತ್ತೊಂದು ಒಳಗೆ ಏನು ಹರಿಯುತ್ತೆ ಅಂತ ನೋಡುತ್ತೆ. ಮೂರೂ ಒಂದೇ ಪದ ಬಳಸ್ತವೆ. ಮೂರು ಬೇರೆ ಬೇರೆ ಮಾಡ್ಯೂಲ್‌ಗಳಲ್ಲಿ ಒಂದೇ ಹೆಸರಿನ ವೇರಿಯಬಲ್ ಇಟ್ಟರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಮೊದಲನೇ ಲೆಕ್ಕ: ಜೀವದ್ದು

ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ. ಟ್ರೆಂಚ್‌ಗೆ ಇವರು ಕೊಟ್ಟಿರೋ ವ್ಯಾಖ್ಯಾನ ತುಂಬ ಸ್ಪಷ್ಟ, ಅದಕ್ಕೇ ಅಲ್ಲಿಂದ ಶುರುಮಾಡ್ತೀನಿ. ನೆಲದ ಮಟ್ಟದಿಂದ ಕೆಳಗೆ, ಉದ್ದಕ್ಕೆ ಹೋಲಿಸಿದ್ರೆ ಕಿರಿದಾಗಿ ಅಗೆದದ್ದು ಟ್ರೆಂಚ್. ಸಾಮಾನ್ಯವಾಗಿ ಅಗಲಕ್ಕಿಂತ ಆಳ ಹೆಚ್ಚು. ತಳದಲ್ಲಿ ಅಳೆದರೆ ಅಗಲ 15 ಅಡಿ, ಅಂದ್ರೆ 4.6 ಮೀಟರ್ ಮೀರಬಾರದು.

ಅಗಲವನ್ನು ತಳದಲ್ಲಿ ಅಳೀತಾರೆ ಅನ್ನೋದನ್ನ ಗಮನಿಸಿ. ಮನುಷ್ಯ ನಿಲ್ಲೋದು ತಳದಲ್ಲಿ. ಗೋಡೆ ಕುಸಿದರೆ ಪಕ್ಕಕ್ಕೆ ಓಡೋಕೆ ಎಷ್ಟು ಜಾಗ ಇದೆ ಅನ್ನೋದೇ ಪ್ರಶ್ನೆ.

ಇದರ ಜೊತೆ ಇನ್ನೊಂದು ವಾಕ್ಯ ಇದೆ, ಅದು ನನಗೆ ಬಹಳ ಇಷ್ಟ. ದೊಡ್ಡ ಬೇಸ್‌ಮೆಂಟ್ ಅಗೆದಿದ್ದಾರೆ ಅಂದ್ಕೊಳ್ಳಿ, 30 ಮೀಟರ್ ಅಗಲ. ಅದು ಟ್ರೆಂಚ್ ಅಲ್ಲ. ಈಗ ಅದರೊಳಗೆ ಕಾಂಕ್ರೀಟ್ ಗೋಡೆಗೆ ಸೆಂಟ್ರಿಂಗ್ ನಿಲ್ಲಿಸಿದ್ರು. ಆ ಗೋಡೆಗೂ ಮಣ್ಣಿನ ಮುಖಕ್ಕೂ ನಡುವೆ ಒಂದು ಮೀಟರ್ ಸಂದಿ ಉಳೀತು. ವಾಟರ್‌ಪ್ರೂಫಿಂಗ್ ಹಚ್ಚೋ ಹುಡುಗ ಇಳಿಯೋದು ಆ ಸಂದಿಗೆ. ಓಶಾ ಪ್ರಕಾರ ಆ ಸಂದಿ ಈಗ ಟ್ರೆಂಚ್. ನಿನ್ನೆ ಅಲ್ಲ, ಇವತ್ತು ಹೌದು. ನೆಲ ಹೊಸದಾಗಿ ಅಗೆದಿಲ್ಲ, ಮನುಷ್ಯನಿಗೆ ಉಳಿದ ಜಾಗ ಮಾತ್ರ ಬದಲಾಗಿದೆ.

ಇನ್ನೂ ಒಂದು ವಿಷಯ. ಓಶಾದಲ್ಲಿ ‘ಎಕ್ಸ್‌ಕವೇಶನ್’ ಅನ್ನೋದು ಪೇರೆಂಟ್ ಕ್ಲಾಸ್, ‘ಟ್ರೆಂಚ್’ ಅದರ ಚೈಲ್ಡ್. ಎಲ್ಲ ಟ್ರೆಂಚೂ ಎಕ್ಸ್‌ಕವೇಶನ್, ಎಲ್ಲ ಎಕ್ಸ್‌ಕವೇಶನ್ ಟ್ರೆಂಚ್ ಅಲ್ಲ. ಗೋಡೆ ಕುಸಿಯದ ಹಾಗೆ ರಕ್ಷಣೆ ಕೊಡಬೇಕು ಅನ್ನೋ ಮುಖ್ಯ ನಿಯಮವನ್ನು ಪೇರೆಂಟ್‌ನಲ್ಲೇ ಬರೆದಿದ್ದಾರೆ. ಹಾಗಾಗಿ ‘ಇದು ಟ್ರೆಂಚ್ ಅಲ್ಲ ಸಾರ್’ ಅಂತ ಹೇಳಿ ತಪ್ಪಿಸ್ಕೊಳ್ಳೋಕೆ ಆಗಲ್ಲ. 5 ಅಡಿ ಅಥವಾ ಅದಕ್ಕಿಂತ ಆಳ ಇದ್ದು, ಗಟ್ಟಿ ಬಂಡೆ ಅಲ್ಲದಿದ್ರೆ ರಕ್ಷಣೆ ಬೇಕೇ ಬೇಕು. 5 ಅಡಿಗಿಂತ ಕಡಿಮೆ ಇದ್ರೂ ತಿಳಿದವರೊಬ್ಬರು ನೋಡಿ, ಕುಸಿಯೋ ಸೂಚನೆ ಇಲ್ಲ ಅಂತ ಹೇಳಿರಬೇಕು.

ನಮ್ಮ ದೇಶಕ್ಕೆ ಬರೋಣ. ಕೇಂದ್ರ ಲೋಕೋಪಯೋಗಿ ಇಲಾಖೆ, ಅಂದ್ರೆ ಸಿಪಿಡಬ್ಲ್ಯುಡಿಯ ಗುತ್ತಿಗೆ ಷರತ್ತುಗಳ ಜೊತೆ ಒಂದು ಸುರಕ್ಷತಾ ಸಂಹಿತೆ ಬರುತ್ತೆ. ಅದರಲ್ಲಿ ಟ್ರೆಂಚ್ ಬಗ್ಗೆ ಇರೋದು ಇಷ್ಟು:

- 1.2 ಮೀಟರ್ ಅಥವಾ ಹೆಚ್ಚು ಆಳ ಇದ್ರೆ, ಪ್ರತಿ 30 ಮೀಟರ್ ಉದ್ದಕ್ಕೆ ಕನಿಷ್ಠ ಒಂದು ಏಣಿ. ಏಣಿ ನೆಲದ ಮೇಲೆ 90 ಸೆಂಟಿಮೀಟರ್ ಚಾಚಿರಬೇಕು.
- 1.5 ಮೀಟರ್ ಅಥವಾ ಹೆಚ್ಚು ಆಳ ಇದ್ರೆ, ಗೋಡೆಯನ್ನು ಇಳಿಜಾರಾಗಿ ಹಿಂದಕ್ಕೆ ಕಡೀಬೇಕು, ಇಲ್ಲಾಂದ್ರೆ ಮರದ ಹಲಗೆ, ಆನಿಕೆ ಕೊಟ್ಟು ಭದ್ರವಾಗಿ ಹಿಡಿದಿಡಬೇಕು.
- ಅಗೆದ ಮಣ್ಣನ್ನು ಅಂಚಿನಿಂದ 1.5 ಮೀಟರ್, ಅಥವಾ ಆಳದ ಅರ್ಧ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು.
- ಮೇಲಿನಿಂದ ಕೆಳಕ್ಕೆ ಕಡೀತಾ ಹೋಗಬೇಕು. ಬುಡ ಕೊರೆದು ಮೇಲಿನದನ್ನು ಬೀಳಿಸೋದು ಯಾವ ಕಾರಣಕ್ಕೂ ಇಲ್ಲ.

ಒಳ್ಳೆ ನಿಯಮಗಳೇ. ಮಣ್ಣಿನ ದೂರದ ವಿಷಯದಲ್ಲಿ ಓಶಾಗಿಂತ ಬಿಗಿ, ಅವರದು 2 ಅಡಿ ಮಾತ್ರ. ಏಣಿ ವಿಷಯದಲ್ಲಿ ಸಡಿಲ. ಓಶಾ ಪ್ರಕಾರ 4 ಅಡಿ ಅಥವಾ ಹೆಚ್ಚು ಆಳದ ಟ್ರೆಂಚ್‌ನಲ್ಲಿ ಯಾರೂ ಏಣಿಗಾಗಿ 25 ಅಡಿಗಿಂತ ಹೆಚ್ಚು ನಡೀಬಾರದು.

ಒಂದೂವರೆ ಮೀಟರ್ ಯಾಕೆ?

ಈ 1.5 ಮೀಟರ್ ಎಲ್ಲಿಂದ ಬಂತು ಅಂತ ಕೇಳೋದು ಸಹಜ. ಒಬ್ಬ ಮನುಷ್ಯನನ್ನು ಅದರೊಳಗೆ ನಿಲ್ಲಿಸಿ ನೋಡಿ. ಮಣ್ಣು ಭುಜದ ಮೇಲೆ, ಕುತ್ತಿಗೆ ಹತ್ತಿರ ಬರುತ್ತೆ. ಆದರೆ ಪೈಪ್ ಜೋಡಿಸೋರು ನಿಂತಿರಲ್ಲ, ಕುಕ್ಕರಗಾಲಲ್ಲಿ ಕೂತಿರ್ತಾರೆ. ಕೂತವನಿಗೆ 1.2 ಮೀಟರ್ ಗುಂಡಿಯಲ್ಲೂ ತಲೆ ನೆಲದ ಕೆಳಗೇ ಇರುತ್ತೆ. ಹಾಗಾಗಿ 1.4 ಮೀಟರ್ ಅಗೆದರೆ ಸುರಕ್ಷಿತ ಅಂತ ಅರ್ಥ ಅಲ್ಲ. ಆ ಸಂಖ್ಯೆ ಕಾನೂನಿನ ಗೆರೆ, ಮಣ್ಣಿಗೆ ಅದು ಗೊತ್ತಿಲ್ಲ.

ತೂಕದ ಲೆಕ್ಕ ಹಾಕೋಣ. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆಯಿಂದ ಎರಡು ಟನ್. 1.5 ಮೀಟರ್ ಎತ್ತರದ ಗೋಡೆಯಿಂದ ಒಂದು ಮೀಟರ್ ಉದ್ದ, ಅರ್ಧ ಮೀಟರ್ ದಪ್ಪದ ಒಂದು ಹೆಂಟೆ ಕಳಚಿ ಬಿತ್ತು ಅಂದ್ಕೊಳ್ಳಿ. ಮುಕ್ಕಾಲು ಘನ ಮೀಟರ್. ಒಂದು ಟನ್‌ಗಿಂತ ಹೆಚ್ಚು. ತಲೆ ಹೊರಗೇ ಇದ್ರೂ ಎದೆ ಹೂತುಹೋದರೆ ಉಸಿರು ಒಳಗೆ ಎಳೆದುಕೊಳ್ಳೋಕೆ ಆಗಲ್ಲ. ನಾಲ್ಕು ಜನ ಸೇರಿ ಕೈ ಹಿಡಿದು ಎಳೆದರೂ ಬರಲ್ಲ.

ಈಗ ಚೆನ್ನೈ ನೆಲ ನೋಡಿ. ಗಿಂಡಿ, ಸೇಂಟ್ ಥಾಮಸ್ ಮೌಂಟ್ ಕಡೆ ಕಲ್ಲು ಸಿಗುತ್ತೆ. ಬೆಸೆಂಟ್ ನಗರ, ಇಸಿಆರ್ ಕಡೆ ಸಮುದ್ರದ ಮರಳು. ವೇಳಚ್ಚೇರಿ, ಪಳ್ಳಿಕರಣೈ ಕಡೆ ಜೌಗಿನ ಜೇಡಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆ, ಅಂತರ್ಜಲ ಮೇಲಕ್ಕೆ ಬಂದು ನಿಂತಿರುತ್ತೆ. ನೀರು ಒಸರೋ ಮಣ್ಣನ್ನು ಓಶಾ ಅತ್ಯಂತ ದುರ್ಬಲ ವರ್ಗಕ್ಕೆ, ‘ಸಿ’ ವರ್ಗಕ್ಕೆ ಸೇರಿಸುತ್ತೆ. ಆ ಮಣ್ಣಿನಲ್ಲಿ ಒಂದು ಮೀಟರ್ ಆಳಕ್ಕೆ ಪ್ರತಿ ಬದಿಯಲ್ಲೂ ಒಂದೂವರೆ ಮೀಟರ್ ಹಿಂದಕ್ಕೆ ಇಳಿಜಾರು ಬೇಕು. ತಳದಲ್ಲಿ 1 ಮೀಟರ್ ಅಗಲ, 2 ಮೀಟರ್ ಆಳದ ಟ್ರೆಂಚ್ ತೆಗೆದ್ರೆ ಮೇಲೆ ಬಾಯಿ ಎಷ್ಟು? ಬಲಕ್ಕೆ 3, ಎಡಕ್ಕೆ 3, ನಡುವೆ 1, ಒಟ್ಟು 7 ಮೀಟರ್.

ನಮ್ಮ ಎಷ್ಟೋ ಬೀದಿಗಳ ಪೂರ್ತಿ ಅಗಲವೇ 6 ಮೀಟರ್. ಎರಡೂ ಕಡೆ ಕಾಂಪೌಂಡ್ ಗೋಡೆ, ಅದಕ್ಕೊರಗಿ ನಿಲ್ಲಿಸಿದ ಕಾರು. ಇಳಿಜಾರು ಅನ್ನೋ ಆಯ್ಕೆ ಇಲ್ಲಿ ಇಲ್ಲವೇ ಇಲ್ಲ. ಉಳಿದಿರೋದು ಹಲಗೆ, ಆನಿಕೆ, ಇಲ್ಲಾಂದ್ರೆ ಉಕ್ಕಿನ ಟ್ರೆಂಚ್ ಬಾಕ್ಸ್. ಅದೂ ಇಲ್ಲ ಅಂದ್ರೆ ದೇವರ ಮೇಲೆ ಭಾರ.

ಎರಡನೇ ಲೆಕ್ಕ: ಬಿಲ್ಲಿನದು

ಈಗ ಅದೇ ಪದ ಇನ್ನೊಂದು ಕಡೆ ಏನಾಗುತ್ತೆ ನೋಡಿ. ಅಗೆತದ ಕೆಲಸ ಅಳೆದು ದುಡ್ಡು ಕೊಡೋ ವಿಧಾನಕ್ಕೆ ಭಾರತೀಯ ಮಾನಕ ಇದೆ, ಐಎಸ್ 1200ರ ಮೊದಲನೇ ಭಾಗ. ಸಿಪಿಡಬ್ಲ್ಯುಡಿ ದರಪಟ್ಟಿಯೂ ಅದನ್ನೇ ಅನುಸರಿಸುತ್ತೆ. ಅಲ್ಲಿ ಪಾಯದ ಟ್ರೆಂಚ್ ಅಥವಾ ಚರಂಡಿ ಅಂದ್ರೆ: ಅಗಲ 1.5 ಮೀಟರ್ ಮೀರದ್ದು, ಅಥವಾ ನಕ್ಷೆಯಲ್ಲಿ ವಿಸ್ತೀರ್ಣ 10 ಚದರ ಮೀಟರ್ ಮೀರದ್ದು. ಅದಕ್ಕಿಂತ ದೊಡ್ಡದಾಗಿದ್ದು 30 ಸೆಂಟಿಮೀಟರ್‌ಗಿಂತ ಆಳ ಇದ್ರೆ ಅದು ‘ವಿಸ್ತೀರ್ಣದ ಅಗೆತ’, ಅದಕ್ಕೆ ಬೇರೆ ದರ.

ಇಲ್ಲಿ ಮನುಷ್ಯನ ಕುತ್ತಿಗೆ ಲೆಕ್ಕಕ್ಕೇ ಬಂದಿಲ್ಲ, ಬರಬೇಕಾದ ಅಗತ್ಯವೂ ಇಲ್ಲ. ಇಕ್ಕಟ್ಟಾದ ಜಾಗದಲ್ಲಿ ಅಗೆಯೋದು ಕಷ್ಟ, ಘನ ಮೀಟರ್‌ಗೆ ಖರ್ಚು ಜಾಸ್ತಿ, ಅದಕ್ಕೆ ಬೇರೆ ದರ. ನ್ಯಾಯವಾದ ಮಾತೇ.

ಆದರೆ ಗೊಂದಲ ಹುಟ್ಟೋದು ಇಲ್ಲಿಂದಲೇ. ಒಂದು ಸಂಪ್ ತೋಡ್ತಿದ್ದೀರಿ. 3 ಮೀಟರ್ ಉದ್ದ, 3 ಮೀಟರ್ ಅಗಲ, ಎರಡೂವರೆ ಮೀಟರ್ ಆಳ. ವಿಸ್ತೀರ್ಣ 9 ಚದರ ಮೀಟರ್. 10ಕ್ಕಿಂತ ಕಡಿಮೆ, ಹಾಗಾಗಿ ಬಿಲ್ಲಿನಲ್ಲಿ ಅದು ಟ್ರೆಂಚ್ ದರಕ್ಕೆ ಬರುತ್ತೆ. ಚೌಕಾಕಾರದ ಗುಂಡಿ, ಆದರೂ ಟ್ರೆಂಚ್. ಈಗ ಸೈಟಿಗೆ ಹೋಗಿ ‘ಏಣಿ ಎಲ್ಲಿ, ಹಲಗೆ ಎಲ್ಲಿ’ ಅಂತ ಕೇಳಿ. ಮೇಸ್ತ್ರಿ ಏನಂತಾನೆ? ‘ಇದು ಟ್ರೆಂಚ್ ಅಲ್ಲ ಸಾರ್, ಸಂಪು.’ ದುಡ್ಡು ಕೇಳುವಾಗ ಟ್ರೆಂಚ್, ಏಣಿ ಕೇಳುವಾಗ ಸಂಪು. ಅವನು ಸುಳ್ಳು ಹೇಳ್ತಿಲ್ಲ. ಎರಡು ದಾಖಲೆಗಳಲ್ಲಿ ಎರಡು ಅರ್ಥ ಇದೆ, ಅವನಿಗೆ ಅನುಕೂಲವಾದ್ದನ್ನ ಆರಿಸ್ಕೊಂಡಿದ್ದಾನೆ.

ಇದರ ಮೇಲೆ ಇನ್ನೊಂದು ತಮಾಷೆ. 1.5 ಅನ್ನೋ ಸಂಖ್ಯೆ ನಾಲ್ಕು ಕಡೆ ಬರುತ್ತೆ. ಬಿಲ್ಲಿನಲ್ಲಿ ಅಗಲದ ಮಿತಿ 1.5 ಮೀಟರ್. ಮಣ್ಣು ಮೇಲೆತ್ತೋ ದರದ ಮೊದಲ ಹಂತ 1.5 ಮೀಟರ್‌ವರೆಗೆ. ಸುರಕ್ಷತೆಯಲ್ಲಿ ಗೋಡೆ ಹಿಡಿಯಬೇಕಾದ ಆಳ 1.5 ಮೀಟರ್. ಮಣ್ಣಿನ ರಾಶಿ ಇರಬೇಕಾದ ಕನಿಷ್ಠ ದೂರ 1.5 ಮೀಟರ್. ನಾಲ್ಕೂ ಬೇರೆ ಬೇರೆ ವಿಷಯ. ಕೊಟೇಶನ್‌ನಲ್ಲಿ ‘1.5 ಮೀಟರ್ ಮೀರದ ಟ್ರೆಂಚ್’ ಅಂತ ನೋಡಿದ ಕೂಡಲೇ ‘ಓ, ಆಳ ಕಡಿಮೆ, ಭಯ ಇಲ್ಲ’ ಅಂತ ಓದ್ಕೋಬೇಡಿ. ಅದು ಅಗಲ. ಆಳ ಮೂರು ಮೀಟರ್ ಇರಬಹುದು.

ದರಪಟ್ಟಿಯಲ್ಲೇ ಇನ್ನೊಂದು ಐಟಂ ಬೇರೆಯಾಗಿ ಇದೆ: ಟ್ರೆಂಚ್‌ಗಳಲ್ಲಿ ಒತ್ತಾದ ಹಲಗೆ ಜೋಡಣೆ, ಆನಿಕೆ ಸಮೇತ. ಆಳದ ಪ್ರಕಾರ ದರ, 1.5 ಮೀಟರ್‌ವರೆಗೆ ಒಂದು, 1.5ರಿಂದ 3ಕ್ಕೆ ಇನ್ನೊಂದು, ಹೀಗೆ. ಅಳತೆ ಹಲಗೆ ಮುಚ್ಚಿದ ಗೋಡೆಯ ಮುಖದ ಚದರ ಮೀಟರ್‌ನಲ್ಲಿ. ಅಂದ್ರೆ ಅಗೆಯೋದಕ್ಕೆ ಒಂದು ದುಡ್ಡು, ಗೋಡೆ ಹಿಡಿಯೋದಕ್ಕೆ ಬೇರೆ ದುಡ್ಡು. ನಿಮ್ಮ ಕೊಟೇಶನ್‌ನಲ್ಲಿ ಎರಡನೇ ಸಾಲು ಇಲ್ಲ ಅಂದ್ರೆ ಹಲಗೆ ಬರಲ್ಲ. ಅತಿ ಕಡಿಮೆ ಕೊಟೇಶನ್ ಯಾಕೆ ಕಡಿಮೆ ಅಂತ ಹುಡುಕಿದ್ರೆ ಎಷ್ಟೋ ಸಲ ಉತ್ತರ ಆ ಇಲ್ಲದ ಸಾಲಿನಲ್ಲೇ ಸಿಗುತ್ತೆ.

ಮೂರನೇ ಲೆಕ್ಕ: ಕೊಳೆನೀರಿನದು

ಇಲ್ಲಿಗೆ ಬಂದ್ರೆ ಟ್ರೆಂಚ್ ಅನ್ನೋದು ಕೆಲಸ ಮುಗಿದ ಮೇಲೆ ಮುಚ್ಚಿಹೋಗೋ ಗುಂಡಿಯೇ ಅಲ್ಲ. ಅದೇ ಒಂದು ಶಾಶ್ವತ ವ್ಯವಸ್ಥೆ.

ಒಳಚರಂಡಿ ಇಲ್ಲದ ಕಡೆ ಸೆಪ್ಟಿಕ್ ಟ್ಯಾಂಕಿನಿಂದ ಹೊರಬರೋ ನೀರನ್ನು ನೆಲಕ್ಕೆ ಇಂಗಿಸೋಕೆ ಐಎಸ್ 2470ರ ಎರಡನೇ ಭಾಗದಲ್ಲಿ ‘ಡಿಸ್ಪರ್ಶನ್ ಟ್ರೆಂಚ್’ ಅಂತ ಹೇಳಿದ್ದಾರೆ. 50ರಿಂದ 100 ಸೆಂಟಿಮೀಟರ್ ಆಳ, 30ರಿಂದ 100 ಸೆಂಟಿಮೀಟರ್ ಅಗಲ, ಸ್ವಲ್ಪ ಇಳಿಜಾರು. ತಳದಲ್ಲಿ ತೊಳೆದ ಜಲ್ಲಿ, ಅದರೊಳಗೆ ಸಂದಿ ಬಿಟ್ಟು ಜೋಡಿಸಿದ ಪೈಪು. ಒಂದೊಂದು ಟ್ರೆಂಚ್ 30 ಮೀಟರ್‌ಗಿಂತ ಉದ್ದ ಇರಬಾರದು. ಎರಡರ ನಡುವೆ ಕನಿಷ್ಠ 1.8 ಮೀಟರ್ ಅಂತರ. ಕುಡಿಯೋ ನೀರಿನ ಬಾವಿಯಿಂದ ದೂರ ಇರಬೇಕು. ಅಂತರ್ಜಲ ನೆಲದಿಂದ 180 ಸೆಂಟಿಮೀಟರ್ ಒಳಗೇ ಇದ್ರೆ ಟ್ರೆಂಚನ್ನು ನೆಲದೊಳಗೆ ಪೂರ್ತಿ ಇಳಿಸೋ ಹಾಗಿಲ್ಲ. ಭಾಗಶಃ ಅಥವಾ ಪೂರ್ತಿಯಾಗಿ ನೆಲದ ಮೇಲೆ ದಿಬ್ಬ ಕಟ್ಟಿ ಅದರೊಳಗೆ ಮಾಡಬೇಕು. ನೆಲದ ಮೇಲಿರೋ ಟ್ರೆಂಚ್! ಮೊದಲನೇ ವ್ಯಾಖ್ಯಾನದ ಮೊದಲ ಮಾತೇ ‘ನೆಲದ ಮಟ್ಟದಿಂದ ಕೆಳಗೆ’ ಅಂತ ಇತ್ತಲ್ಲ? ಇಲ್ಲಿ ಅದೂ ಬೇಕಾಗಿಲ್ಲ.

ಇದರ ಪಕ್ಕದಲ್ಲೇ ಮಳೆನೀರಿನ ‘ರೀಚಾರ್ಜ್ ಟ್ರೆಂಚ್’ ಇಡಿ. ತಮಿಳುನಾಡಿನಲ್ಲಿ 2003ರಿಂದ ಎಲ್ಲ ಕಟ್ಟಡಗಳಿಗೂ ಮಳೆನೀರು ಕೊಯ್ಲು ಕಡ್ಡಾಯ. ಕೇಂದ್ರ ಅಂತರ್ಜಲ ಮಂಡಳಿ ಕೊಡೋ ಅಳತೆ: ಅರ್ಧದಿಂದ 1 ಮೀಟರ್ ಅಗಲ, 1ರಿಂದ 1.5 ಮೀಟರ್ ಆಳ, 10ರಿಂದ 20 ಮೀಟರ್ ಉದ್ದ, ಒಳಗೆ ಕಲ್ಲು, ಜಲ್ಲಿ, ಮರಳು. ಮೇಲಿನಿಂದ ನೋಡಿದ್ರೆ ಎರಡೂ ಅಣ್ಣತಮ್ಮಂದಿರ ಹಾಗೆ. ಒಂದಕ್ಕೆ ತಾರಸಿಯ ನೀರು, ಇನ್ನೊಂದಕ್ಕೆ ಸೆಪ್ಟಿಕ್ ನೀರು. ಒಂದು ಬೋರ್‌ವೆಲ್ ಹತ್ತಿರ ಇದ್ರೆ ಅನುಕೂಲ, ಇನ್ನೊಂದು ಹತ್ತಿರ ಇದ್ರೆ ಅನಾಹುತ. ಹಳೇ ಅಪಾರ್ಟ್‌ಮೆಂಟ್‌ಗಳಲ್ಲಿ ನಕ್ಷೆ ಕಳೆದುಹೋಗಿರುತ್ತೆ. ಜಲ್ಲಿ ತುಂಬಿದ ಯಾವುದೋ ಒಂದು ಟ್ರೆಂಚ್ ಸಿಕ್ಕಿತು ಅಂತ ಅದಕ್ಕೆ ಉಕ್ಕಿ ಹರಿಯೋ ಸೆಪ್ಟಿಕ್ ಪೈಪನ್ನು ತಿರುಗಿಸಿದ್ರೆ, ಆರು ತಿಂಗಳಲ್ಲಿ ನಿಮ್ಮ ಬೋರ್‌ವೆಲ್ ನೀರಿನಲ್ಲೇ ಅದರ ವಾಸನೆ ಬರಬಹುದು.

ಅಮೆರಿಕದ ಪರಿಸರ ಸಂಸ್ಥೆ ಇಪಿಎ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೆ. ನೆಲಕ್ಕೆ ದ್ರವ ಇಳಿಸೋ ಗುಂಡಿಯ ಆಳ, ಅದರ ಬಾಯಿಯ ಅತಿ ದೊಡ್ಡ ಅಳತೆಗಿಂತ ಹೆಚ್ಚಿದ್ರೆ ಅದನ್ನು ‘ಬಾವಿ’ ಅಂತ ಪರಿಗಣಿಸ್ತಾರೆ, ಅದಕ್ಕೆ ಬೇರೆ ಕಾನೂನು. 1 ಮೀಟರ್ ಅಗಲ, 10 ಮೀಟರ್ ಉದ್ದ, 1.5 ಮೀಟರ್ ಆಳದ ಇಂಗು ಟ್ರೆಂಚ್ ಬಾವಿ ಅಲ್ಲ, ಯಾಕಂದ್ರೆ 10 ದೊಡ್ಡದು. ಆದರೆ ಒಂದೊಂದು ಮೀಟರ್‌ನ ಚೌಕದಲ್ಲಿ 3 ಮೀಟರ್ ಆಳ ಹೋದ್ರೆ ಬಾವಿ. ಅದೇ ಟ್ರೆಂಚ್‌ಗೆ ತೂತಿನ ಪೈಪ್ ಹಾಕಿ ನೀರು ಹಂಚಿದ್ರೆ ಆಗಲೂ ಬಾವಿ ಪಟ್ಟಿಗೇ ಸೇರುತ್ತೆ. ಸುರಕ್ಷತೆಯ ನಿಯಮ ಆಳವನ್ನು ಅಗಲದ ಜೊತೆ ಹೋಲಿಸುತ್ತೆ, ಈ ನಿಯಮ ಅತಿ ಉದ್ದದ ಬದಿಯ ಜೊತೆ ಹೋಲಿಸುತ್ತೆ. ಒಂದಕ್ಕೆ ಕುಸಿಯೋ ಮಣ್ಣಿನ ಚಿಂತೆ, ಇನ್ನೊಂದಕ್ಕೆ ಕೆಳಗಿರೋ ನೀರಿನ ಚಿಂತೆ.

ಟ್ರೆಂಚ್ ಸೀವರ್ ಆಗೋ ಗಳಿಗೆ

ಈಗ ನಮ್ಮ ಅಸೋಸಿಯೇಶನ್ ಕೆಲಸಕ್ಕೆ ಬರೋಣ. ಕಟ್ಟಡದಿಂದ ಬೀದಿಯ ಮ್ಯಾನ್‌ಹೋಲ್‌ವರೆಗೆ ಟ್ರೆಂಚ್ ಅಗೆದು ಹೊಸ ಪೈಪ್ ಹಾಕ್ತಿದ್ದೀರಿ. ಬೆಳಿಗ್ಗೆ ಅದು ಬರೀ ಮಣ್ಣಿನ ಗುಂಡಿ. ಅಪಾಯ ಒಂದೇ, ಕುಸಿತ. ಸಂಜೆ ಹೊತ್ತಿಗೆ ಹಳೇ ಲೈನಿಗೆ ಜೋಡಣೆ. ಮುಚ್ಚಳ ತೆಗೆದ ಆ ನಿಮಿಷದಿಂದ ಅಪಾಯ ಬೇರೆ.

2013ರ ಮಲ ಹೊರುವ ಪದ್ಧತಿ ನಿಷೇಧ ಕಾಯಿದೆಯಲ್ಲಿ ಸೀವರ್ ಅಂದ್ರೆ ಮಲ, ಇತರ ತ್ಯಾಜ್ಯ, ಚರಂಡಿ ನೀರು ಸಾಗಿಸೋ ನೆಲದಡಿಯ ಕೊಳವೆ ಅಥವಾ ಪೈಪು. ಆಳ ಇಲ್ಲ, ಅಗಲ ಇಲ್ಲ. ಒಳಗೆ ಏನು ಹರಿಯುತ್ತೆ ಅನ್ನೋದಷ್ಟೇ. ರಕ್ಷಣಾ ಸಾಮಗ್ರಿ, ಯಂತ್ರ, ಮುನ್ನೆಚ್ಚರಿಕೆ ಇಲ್ಲದೆ ಸೀವರನ್ನಾಗಲೀ ಸೆಪ್ಟಿಕ್ ಟ್ಯಾಂಕನ್ನಾಗಲೀ ಮನುಷ್ಯರಿಂದ ಸ್ವಚ್ಛ ಮಾಡಿಸೋದು ‘ಅಪಾಯಕಾರಿ ಸ್ವಚ್ಛತೆ’. ಏಳನೇ ಸೆಕ್ಷನ್ ಪ್ರಕಾರ ಯಾವುದೇ ವ್ಯಕ್ತಿ, ಸ್ಥಳೀಯ ಸಂಸ್ಥೆ, ಏಜೆನ್ಸಿ ಇದನ್ನು ‘ನೇರವಾಗಿ ಅಥವಾ ಪರೋಕ್ಷವಾಗಿ’ ಮಾಡಿಸೋ ಹಾಗಿಲ್ಲ. ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದ್ರೆ ಐದು ವರ್ಷ, 5 ಲಕ್ಷದವರೆಗೆ.

‘ಪರೋಕ್ಷವಾಗಿ’ ಅನ್ನೋ ಪದ ನಮಗೇ ಬರೆದ ಹಾಗಿದೆ. ‘ಕಂಟ್ರಾಕ್ಟರ್‌ಗೆ ಕೊಟ್ಟಿದ್ವಿ, ಅವನು ಯಾರನ್ನ ಇಳಿಸಿದ್ನೋ ಗೊತ್ತಿಲ್ಲ’ ಅನ್ನೋ ಉತ್ತರಕ್ಕೆ ಬಾಗಿಲು ಹಾಕೋಕೆ ಇಟ್ಟಿರೋ ಪದ ಅದು.

ಹಾಗಾದ್ರೆ ಒಡೆದ ಸೀವರ್ ಪೈಪ್ ಕಾಣೋ ಹಾಗೆ ಅಗೆದ ಟ್ರೆಂಚ್ ಸೀವರ್ರೋ ಅಲ್ವೋ? ಅಕ್ಷರಶಃ ಓದಿದ್ರೆ ಟ್ರೆಂಚ್ ಬೇರೆ, ಪೈಪ್ ಬೇರೆ. ಆದರೆ ಅನಿಲಕ್ಕೆ ವ್ಯಾಖ್ಯಾನ ಗೊತ್ತಿಲ್ಲ. ಕೊಳೆನೀರಿನಿಂದ ಏಳೋ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ಗುಂಡಿಯ ತಳದಲ್ಲೇ ಕೂತಿರುತ್ತೆ. ಮೊದಲು ಕೊಳೆತ ಮೊಟ್ಟೆ ವಾಸನೆ. ಪ್ರಮಾಣ ಹತ್ತು ಲಕ್ಷಕ್ಕೆ 100 ಭಾಗದ ಹತ್ತಿರ ಹೋದ್ರೆ ಮೂಗಿಗೆ ವಾಸನೆ ತಿಳಿಯೋದೇ ನಿಂತುಹೋಗುತ್ತೆ. ‘ಈಗ ವಾಸನೆ ಇಲ್ಲ, ಇಳಿ’ ಅನ್ನೋ ಮಾತು ಅದಕ್ಕೇ ಭಯಂಕರ. ಓಶಾ ನಿಯಮದಲ್ಲಿ 4 ಅಡಿಗಿಂತ ಆಳದ ಗುಂಡಿಯಲ್ಲಿ ಕೆಟ್ಟ ಗಾಳಿ ಇರಬಹುದು ಅನ್ನೋ ಸಂಶಯ ಇದ್ರೆ, ಇಳಿಯೋ ಮೊದಲು ಗಾಳಿ ಪರೀಕ್ಷೆ ಆಗಬೇಕು. ಕಸ ತುಂಬಿದ ನೆಲವನ್ನು ಅವರು ಹೆಸರಿಸಿಯೇ ಹೇಳ್ತಾರೆ. ಪೆರುಂಗುಡಿ ಡಂಪ್‌ಯಾರ್ಡ್ ಸುತ್ತಮುತ್ತ ಇರೋರು ಇದನ್ನ ನೆನಪಿಟ್ಕೊಳ್ಳಿ.

ಇದು ಚೆನ್ನೈ ಕತೆ ಮಾತ್ರ ಅಲ್ಲ. 2018ರ ಜನವರಿಯಲ್ಲಿ ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್ ಕಡೆ ಒಂದು ಅಪಾರ್ಟ್‌ಮೆಂಟಿನ ಎಸ್‌ಟಿಪಿಗೆ ಇಳಿದ ಮೂವರು ತೀರಿಕೊಂಡರು. ನಮ್ಮ ನಿಮ್ಮಂಥವರೇ ಇರೋ ಬಡಾವಣೆ ಅದು. ಇಂಥ ಸಾವಿಗೆ 2014ರಲ್ಲಿ ಸುಪ್ರೀಂ ಕೋರ್ಟ್ 10 ಲಕ್ಷ ಪರಿಹಾರ ಅಂತ ಹೇಳಿತ್ತು. 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಚೆನ್ನೈ, ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಕೈಯಿಂದ ಸೀವರ್ ಸ್ವಚ್ಛಗೊಳಿಸೋದನ್ನ ನಿಲ್ಲಿಸಬೇಕು ಅಂತ ಆದೇಶ ಕೊಟ್ಟಿತು.

ಹೆಸರಿಲ್ಲದ ಗುಂಡಿಗಳು

ವ್ಯಾಖ್ಯಾನಕ್ಕೆ ಸಿಗದ ಗುಂಡಿಯೂ ಕೊಲ್ಲುತ್ತೆ. 2023ರ ಡಿಸೆಂಬರ್ 4ರಂದು ಮಿಚಾಂಗ್ ಚಂಡಮಾರುತದ ಮಳೆಯಲ್ಲಿ ವೇಳಚ್ಚೇರಿಯ ಫೈವ್ ಫರ್ಲಾಂಗ್ ರಸ್ತೆ ಹತ್ತಿರ ಕಟ್ಟಡಕ್ಕಾಗಿ ಅಗೆದಿದ್ದ ಆಳವಾದ ಗುಂಡಿಯ ಅಂಚು ಕುಸೀತು. ಇಬ್ಬರು ಪ್ರಾಣ ಕಳೆದುಕೊಂಡರು. ಗುಂಡಿಯಲ್ಲಿ ತುಂಬಿದ ನೀರು ಹೊರಹಾಕಿ ಅವರನ್ನು ಹುಡುಕೋಕೆ ದಿನಗಟ್ಟಲೆ ಹಿಡೀತು. ಅಷ್ಟು ಅಗಲದ ಗುಂಡಿ ಯಾವ ಲೆಕ್ಕದಲ್ಲೂ ಟ್ರೆಂಚ್ ಅಲ್ಲ. ನಿಯಮವನ್ನು ಪೇರೆಂಟ್ ಕ್ಲಾಸಿನಲ್ಲಿ ಬರೆಯಬೇಕು ಅಂತ ಆಗಲೇ ಹೇಳಿದ್ದು ಇದಕ್ಕೇ.

2022ರ ಅಕ್ಟೋಬರ್‌ನಲ್ಲಿ ಈಕ್ಕಾಟ್ಟುತಾಂಗಲ್ ಹತ್ತಿರ ಮಳೆನೀರು ಚರಂಡಿ ಕಾಮಗಾರಿಯ ಗುಂಡಿಗೆ ಬಿದ್ದು ಟಿವಿ ವಾಹಿನಿಯ ಒಬ್ಬ ಯುವ ಪತ್ರಕರ್ತ ತೀರಿಕೊಂಡರು. ಅವರು ಕೆಲಸಗಾರ ಅಲ್ಲ, ದಾರಿಯಲ್ಲಿ ಹೋಗ್ತಿದ್ದವರು. ಏಣಿ, ಹಲಗೆ ನಿಯಮ ಎಲ್ಲ ಒಳಗಿರೋನಿಗೆ. ಹೊರಗಿರೋನಿಗೆ ಬೇಕಾದ್ದು ಬ್ಯಾರಿಕೇಡ್ ಮತ್ತು ದೀಪ. ಆ ಲೆಕ್ಕದಲ್ಲಿ ಅರ್ಧ ಮೀಟರ್ ಗುಂಡಿಯೂ ಒಂದೇ, ಮೂರು ಮೀಟರ್ ಗುಂಡಿಯೂ ಒಂದೇ.

ಸಹಿ ಹಾಕೋ ಮೊದಲು

ನಮ್ಮ ಅಸೋಸಿಯೇಶನ್‌ನಲ್ಲಿ ಈಗ ಯಾವ ಅಗೆತದ ಕೊಟೇಶನ್ ಬಂದ್ರೂ ‘ಟ್ರೆಂಚ್’ ಪದ ಬಿಟ್ಟು ಅಳತೆಯಲ್ಲೇ ಪ್ರಶ್ನೆ ಕೇಳ್ತೀವಿ. ನೀವೂ ಬಳಸಿಕೊಳ್ಳಿ.

1. ಅತಿ ಆಳದ ಜಾಗದಲ್ಲಿ ಎಷ್ಟು ಮೀಟರ್? ತಳದಲ್ಲಿ ಅಗಲ ಎಷ್ಟು? ಅಗಲದ ದರದ ಜೊತೆ ಆಳವನ್ನೂ ಬರೆಸಿ.
2. ಒಬ್ಬ ಮನುಷ್ಯ ಒಳಗೆ ಇಳಿಯಲೇಬೇಕಾ? ಪೈಪನ್ನು ಮೇಲೆ ಜೋಡಿಸಿ ಇಳಿಸೋಕೆ ಆಗಲ್ವಾ? ಇಳಿಯದಿದ್ರೆ ಅರ್ಧ ಅಪಾಯ ಅಲ್ಲೇ ಹೋಯ್ತು.
3. 1.5 ಮೀಟರ್ ಅಥವಾ ಹೆಚ್ಚಿದ್ರೆ ಹಲಗೆ, ಆನಿಕೆಗೆ ಪ್ರತ್ಯೇಕ ಸಾಲು, ಪ್ರತ್ಯೇಕ ದುಡ್ಡು ಇದೆಯಾ? ಸಂಪ್, ಪಿಟ್, ಚೇಂಬರ್, ಹೆಸರು ಏನೇ ಇರಲಿ, ಇದೇ ನಿಯಮ ಅಂತ ಒಪ್ಪಂದದಲ್ಲಿ ಬರೆಸಿ.
4. ಕಾಂಪೌಂಡ್ ಗೋಡೆ, ನಿಂತ ಕಾರು, ಜೆಸಿಬಿ, ಮಣ್ಣಿನ ರಾಶಿ, ಇವು ಅಂಚಿನಿಂದ ಎಷ್ಟು ದೂರ? ಜಾಗ ಇಲ್ಲ ಅಂದ್ರೆ ಮಣ್ಣನ್ನು ಲಾರಿಯಲ್ಲಿ ಬೇರೆ ಕಡೆ ಹಾಕೋ ಖರ್ಚು ಸೇರಿಸಿ.
5. ಏಣಿ ಎಲ್ಲಿ? ಇಳಿದವನು ಹತ್ತು ಹೆಜ್ಜೆಯಲ್ಲಿ ಮುಟ್ಟೋ ಹಾಗಿದೆಯಾ?
6. ಹಳೇ ಲೈನಿಗೆ ಜೋಡಣೆ ಯಾರು ಮಾಡ್ತಾರೆ? ಅದು ಮೆಟ್ರೊವಾಟರ್ ಅನುಮತಿಯಿಂದ, ಅವರು ಹೇಳಿದ ವಿಧಾನದಲ್ಲೇ ಆಗಬೇಕು. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡೋಕೆ ಪರವಾನಗಿ ಇರೋ ಲಾರಿ ಮಾತ್ರ, ಒಳಗೆ ಯಾರೂ ಇಳಿಯೋ ಹಾಗಿಲ್ಲ.
7. ಮಳೆ ಬಂದ್ರೆ? ಅಕ್ಟೋಬರ್ ಮೇಲೆ ಅಗೆತ ಇಟ್ಟುಕೊಳ್ಳಬೇಡಿ. ಮಳೆ ನಿಂತ ಮೇಲೆ ಮತ್ತೆ ಇಳಿಯೋ ಮೊದಲು ಗೋಡೆಗಳನ್ನ ತಿಳಿದವರು ಹೊಸದಾಗಿ ನೋಡಬೇಕು.
8. ರಾತ್ರಿ ಬ್ಯಾರಿಕೇಡ್, ದೀಪ ಯಾರ ಜವಾಬ್ದಾರಿ?

ಇಷ್ಟು ಕೇಳಿದ್ರೆ ಕೊಟೇಶನ್ ಏರುತ್ತೆ. ಸಭೆಯಲ್ಲಿ ಯಾರೋ ಒಬ್ಬರು ‘ಪಕ್ಕದ ಬ್ಲಾಕ್‌ನವರಿಗೆ ಇದರ ಅರ್ಧಕ್ಕೆ ಮಾಡ್ಕೊಟ್ರಲ್ಲ’ ಅಂತ ಕೇಳೇ ಕೇಳ್ತಾರೆ. ಆಗ ಎರಡೂ ಕೊಟೇಶನ್ ಪಕ್ಕಪಕ್ಕ ಇಟ್ಟು ಯಾವ ಸಾಲು ಇಲ್ಲ ಅಂತ ತೋರಿಸಿ. ಆ ಸಾಲಿನ ಜಾಗದಲ್ಲಿ ನಿಂತಿರೋದು ವಿಲ್ಲುಪುರಂನಿಂದಲೋ ಒಡಿಶಾದಿಂದಲೋ ದಿನಗೂಲಿಗೆ ಬಂದ ಒಬ್ಬ ಹುಡುಗ. ನಮ್ಮ ಹಾಗೇ ಊರು ಬಿಟ್ಟು ಬಂದವನು.

ನಿಮ್ಮ ಕಡೆ ಏನಾದ್ರೂ ಅಗೆತ ನಡೀತಿದ್ರೆ ಈ ಎಂಟು ಪ್ರಶ್ನೆಗಳನ್ನ ಅಸೋಸಿಯೇಶನ್ ಗ್ರೂಪಿಗೆ ಹಾಕಿ. ಮುಂದಿನ ಮಾತು ಎಸ್‌ಟಿಪಿ ಬಗ್ಗೆ: ಟ್ಯಾಂಕಿನೊಳಗೆ ಇಳಿಯದೇ ಅದನ್ನ ನೋಡಿಕೊಳ್ಳೋದು ಹೇಗೆ ಅಂತ.